ಫಿಲೋಮೆನಾಳ ಹಂಡೆ ಮುನಿದ ವರ್ಷ

ನನ್ನದು ಮೆಕ್ಕೆಜೋಳದ ಗಿರಣಿ. ಬೆಳಗ್ಗೆ ಐದೂವರೆಗೆ ಬಾಗಿಲು ತೆಗೆಯುವಷ್ಟರಲ್ಲಿ ಸಾನ್ ಬಾರ್ತೊಲೊ ಕೇರಿಯ ಹೆಂಗಸರು ಸುಣ್ಣದ ನೀರಲ್ಲಿ ಬೇಯಿಸಿದ ಜೋಳದ ಬಕೆಟ್ಟು ಹಿಡಿದು ಸಾಲುಗಟ್ಟಿರುತ್ತಾರೆ. ಬಕೆಟ್ಟು ನೋಡಿದರೆ ಸಾಕು, ಯಾರ ಮನೆಯಲ್ಲಿ ಏನು ನಡೆದಿದೆ ಎಂದು ನಾನು ಹೇಳಬಲ್ಲೆ. ಕಾಳಿನ ಮೇಲೆ ಹಳದಿ ಸಿಪ್ಪೆ ಹಾಗೇ ಅಂಟಿಕೊಂಡಿದ್ದರೆ ಗಂಡ ಹೆಂಡಿರ ಜಗಳ. ಸುಣ್ಣ ಹೆಚ್ಚಾಗಿ ಮೂಗಿಗೆ ಬಡಿದರೆ ಅತ್ತೆ ಹಾಸಿಗೆ ಹಿಡಿದಿದ್ದಾಳೆ, ಸೊಸೆ ಬೇಯಿಸಿದ್ದಾಳೆ. ಇದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸವೂ ನನಗಿಲ್ಲ, ಅಲ್ಲೇ ಎಲ್ಲರೆದುರಿಗೆ ಹೇಳಿಬಿಡುತ್ತೇನೆ. ನನ್ನ ಬಗ್ಗೆ, ದೋನ್ಯಾ ಚೋನಾಳ ಗಿರಣಿಗಿಂತ ಅವಳ ಬಾಯಿ ಜೋರು ಅನ್ನುತ್ತಾರೆ. ಅನ್ನಲಿ.

ಫಿಲೋಮೆನಾಳ ಬಕೆಟ್ಟು ಮಾತ್ರ ನಲವತ್ತು ವರ್ಷ ಒಂದೇ ಥರ ಬಂತು. ಏಳು ನೀರು ತೊಳೆದ ಜೋಳ, ಒಂದು ಕಾಳಿಗೂ ಸಿಪ್ಪೆ ಇಲ್ಲ. ಹಾಗಾಗಿ ಅವಳ ಮನೆಯಲ್ಲಿ ಎಲ್ಲ ನೆಟ್ಟಗಿದೆ ಎಂದೇ ನಾನು ತಿಳಿದಿದ್ದೆ. ಕೇರಿಗೆಲ್ಲ ಬುದ್ಧಿ ಹೇಳುವ ನಾನು ಮೋಸ ಹೋದದ್ದು ಅಲ್ಲಿ.

ಅವಳು ಹದಿನೇಳಕ್ಕೆ ಗುಡ್ಡದ ಮೇಲಿನ ಹಳ್ಳಿಯಿಂದ ಸೊಸೆಯಾಗಿ ಇಳಿದು ಬಂದಳು. ಅವಳ ಧರ್ಮತಾಯಿ ಮದುವೆಗೆ ಕೊಟ್ಟ ಮೂರು ಕಾಲಿನ ಕರಿಯ ಅರೆಯುವ ಕಲ್ಲು ಒಂದು, ದೇವದಾರು ಮರದ ಮರಿಗೆ ಒಂದು, ಇಷ್ಟೇ ಅವಳ ಆಸ್ತಿ. ಗಂಡ ತಿಬುರ್ಸಿಯೊ ಅಪಿಸಾಕೊ ಪಟ್ಟಣದ ಬಸ್ಸು ಓಡಿಸುತ್ತಿದ್ದ. ಅತ್ತೆಯ ಸುಪರ್ದಿಯಲ್ಲಿ ಕೇರಿಯ ಹಂಡೆ ಇತ್ತು. ತೆನೆಸಿಪ್ಪೆಯಲ್ಲಿ ಮಡಚಿದ ಜೋಳದ ಕಡುಬು, ಅಂದರೆ ತಮಾಲೆ, ಇನ್ನೂರು ಒಂದೇ ಸಲ ಹಬೆಯಲ್ಲಿ ಬೇಯುವ ತವರದ ಹಂಡೆ ಅದು. ಒಳಗೆ ತೂತಿನ ತಟ್ಟೆ, ಹೊರಗೆ ಎರಡು ಕಿವಿ, ಅಡಿಯಲ್ಲಿ ನನ್ನ ಹಣೆಯಷ್ಟೇ ಸುಕ್ಕು. ಆ ಹಂಡೆ ಯಾರ ಮನೆಯಲ್ಲಿರುತ್ತದೋ ಆ ಮನೆಯವಳು ಸತ್ತವರ ಹಬ್ಬಕ್ಕೆ, ಗ್ವಾದಲೂಪೆ ತಾಯಿಯ ದಿನಕ್ಕೆ, ಫೆಬ್ರವರಿ ಎರಡರ ಕಂದೆಲಾರಿಯಾ ಹಬ್ಬಕ್ಕೆ ಕೇರಿಗೆಲ್ಲ ತಮಾಲೆ ಬೇಯಿಸಬೇಕು. ಕೇರಿಯಲ್ಲಿ ಹೆಂಗಸಿಗೆ ಸಿಗುವ ದೊಡ್ಡ ಮರ್ಯಾದೆ ಅದೊಂದೇ. ಅತ್ತೆ ಸತ್ತ ಮೇಲೆ ಹಂಡೆ ಫಿಲೋಳ ಕೈಗೆ ಬಂತು, ಮೂವತ್ತು ವರ್ಷ ಅಲ್ಲೇ ಉಳಿಯಿತು.

ಅವಳ ಕೆಲಸ ನೋಡಬೇಕಿತ್ತು ನೀವು. ನನ್ನ ಗಿರಣಿಯ ಹಿಟ್ಟು ಅವಳಿಗೆ ದಪ್ಪ. ಮನೆಗೆ ಒಯ್ದು ಕಲ್ಲಿನ ಮೇಲೆ ಇನ್ನೊಂದು ಸಲ ಎಳೆಯುತ್ತಿದ್ದಳು, ನನಗೆ ಅದೊಂದು ಹೊಟ್ಟೆಯುರಿ. ಆಮೇಲೆ ಮರಿಗೆಯಲ್ಲಿ ಹಂದಿಕೊಬ್ಬು ಹಾಕಿ ಬೆಳ್ಳಗಾಗುವ ತನಕ ಬಡಿದು, ಹಿಟ್ಟು ಬೆರೆಸಿ, ಮತ್ತೆ ಒಂದು ಗಂಟೆ ಅಂಗೈಯಿಂದ ಬಡಿಯುತ್ತಿದ್ದಳು. ಫಟ್, ಫಟ್ ಎಂದು ನಾಲ್ಕು ಮನೆ ಆಚೆಗೂ ಕೇಳುತ್ತಿತ್ತು. ಬಟಾಣಿಯಷ್ಟು ಹಿಟ್ಟು ಚಿವುಟಿ ನೀರಿನ ಲೋಟಕ್ಕೆ ಹಾಕಿದರೆ ತೇಲಬೇಕು, ಮುಳುಗಿದರೆ ಮತ್ತೆ ಬಡಿ. ಹಂಡೆಯ ತಳಕ್ಕೆ ನೀರಿನ ಜೊತೆ ಒಂದು ನಾಣ್ಯ. ನೀರು ಕುದಿಯುವಷ್ಟು ಹೊತ್ತು ಅದು ಕಟಕಟ ಅನ್ನುತ್ತದೆ, ಸುಮ್ಮನಾದರೆ ನೀರು ಬತ್ತಿತೆಂದು ಅರ್ಥ. ಕೊನೆಗೆ ಹಂಡೆಯ ಎರಡು ಕಿವಿಗೂ ತೆನೆಸಿಪ್ಪೆಯ ಸೀಳಿನಿಂದ ಹೂಗಂಟು ಹಾಕುತ್ತಿದ್ದಳು. ಮನೆಯ ಕೆಟ್ಟ ಮಾತು ಹಂಡೆಯ ಕಿವಿಗೆ ಬೀಳಬಾರದು.

ಯಾಕೆಂದರೆ ಸಿಟ್ಟಿರುವ ಅಡುಗೆ ಮನೆಯಲ್ಲಿ ತಮಾಲೆ ಬೇಯುವುದಿಲ್ಲ. ಇದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಬೆಂಕಿ ಎಷ್ಟೇ ಹಾಕಿ, ಒಳಗೆ ಒಬ್ಬರ ಹೊಟ್ಟೆಯಲ್ಲಿ ಸಿಟ್ಟಿದ್ದರೆ ಹಿಟ್ಟು ಮಚ್ಚೆ ಮಚ್ಚೆಯಾಗಿ ಹಸಿಯೇ ಉಳಿಯುತ್ತದೆ. ಆಗ ಸಿಟ್ಟಾದವರು ಯಾರೆಂದು ಹುಡುಕಬೇಕು, ಅವರು ಹಂಡೆಯ ಮುಂದೆ ಬಂದು ಕುಣಿದು ಅದನ್ನು ನಗಿಸಬೇಕು. ನಾನೇ ಮೂರು ಸಲ ಕುಣಿದಿದ್ದೇನೆ, ನನ್ನ ಗಂಡನ ಪುಣ್ಯದಿಂದ.

ಫಿಲೋಳ ಹಂಡೆ ಮೂವತ್ತು ವರ್ಷದಲ್ಲಿ ಒಂದು ಸಲವೂ ಕೈಕೊಡಲಿಲ್ಲ. ಅದೇ ಆಶ್ಚರ್ಯ. ಯಾಕೆಂದರೆ ತಿಬುರ್ಸಿಯೊನ ಬಸ್ಸು ವಾರಕ್ಕೆ ಎರಡು ರಾತ್ರಿ ಅಪಿಸಾಕೊದಲ್ಲಿ ಕೆಟ್ಟು ನಿಲ್ಲುತ್ತಿತ್ತು. ಅಲ್ಲಿನ ಬಸ್ ನಿಲ್ದಾಣದ ಹಿಂದೆ ನೋರ್ಮಾ ಎಂಬವಳ ಚಪ್ಪಲಿ ಅಂಗಡಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅವನು ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದ. ಕೇರಿಗೆಲ್ಲ ಗೊತ್ತಿತ್ತು. ಹದಿನಾಲ್ಕು ವರ್ಷ ನಡೆದ ಮೇಲೆ ಆ ಹೆಂಗಸು ಅಂಗಡಿ ಮಾರಿ ಗಡಿಯಾಚೆಗೆ ಹೋದಳು. ಫಿಲೋ ಒಂದು ದಿನವೂ ಬಾಯಿ ಬಿಡಲಿಲ್ಲ. ಒಂದು ಸಲ ನಾನೇ ತಡೆಯಲಾರದೆ ಕೇಳಿದ್ದೆ. ಅವಳು ನನ್ನ ಮಗನ ಜ್ಞಾನಸ್ನಾನಕ್ಕೆ ಧರ್ಮತಾಯಿಯಾಗಿ ನಿಂತವಳು, ನಾವು ಒಬ್ಬರನ್ನೊಬ್ಬರು ಕೊಮಾದ್ರೆ ಎಂದು ಕರೆಯುವವರು, ಕೇಳುವ ಹಕ್ಕಿತ್ತು.

"ಕೊಮಾದ್ರೆ, ನಿಮಗೆ ಸಿಟ್ಟು ಬರಲ್ವಾ?"

"ಬಂದು ಏನು ಮಾಡಬೇಕು? ತಮಾಲೆ ಬೇಯಬೇಕಲ್ಲ," ಅಂದಳು, ನಕ್ಕಳು.

ಫಿಲೋಗೆ ಸಿಟ್ಟೇ ಇಲ್ಲ ಎಂದು ಅವತ್ತಿನಿಂದ ನಾನೇ ಕೇರಿಗೆಲ್ಲ ಸಾರಿದೆ. ಸಂತಳಂಥ ಹೆಂಗಸು ಎಂದು ಎಲ್ಲರೂ ಒಪ್ಪಿದರು.

ಹೋದ ಆಗಸ್ಟಿನಲ್ಲಿ ತಿಬುರ್ಸಿಯೊ ಸ್ನಾನದ ಮನೆಯಲ್ಲಿ ಬಿದ್ದ. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಆಸ್ಪತ್ರೆಯಿಂದ ತಂದು ಅಡುಗೆ ಮನೆಯ ಪಕ್ಕದ ಕೋಣೆಯಲ್ಲಿ ಮಲಗಿಸಿದರು, ನಡುವೆ ಒಂದು ಪರದೆ. ಮೂರನೆಯ ವಾರ ನಾನು ಕೋಳಿ ಸಾರು ಒಯ್ದಿದ್ದೆ. ಫಿಲೋ ಚಮಚ ಎತ್ತಿದಳು. ಅವನ ತುಟಿ ಅಲುಗಿತು. ಎಲ್ಲ ಬಲ ಹಾಕಿ, ಕುತ್ತಿಗೆಯ ನರ ಉಬ್ಬಿಸಿ, ಅವನು ಮೊದಲ ಮಾತು ಆಡಿದ.

"ನೋರ್ಮಾ."

ಚಮಚ ಗಾಳಿಯಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ಅವನ ಬಾಯಿಗೆ ಹೋಯಿತು. ನಾನು ಕಿಟಕಿಯಾಚೆ ನೋಡಿದೆ.

ಚಿಕಿತ್ಸಾಲಯದ ವೈದ್ಯೆ ಚಿಕ್ಕ ಹುಡುಗಿ, ಒಳ್ಳೆಯವಳು. "ಮೆದುಳಿಗೆ ಪೆಟ್ಟು ಬಿದ್ದಾಗ ಕೆಲವರಿಗೆ ಒಂದೇ ಒಂದು ಮಾತು ಉಳಿಯುತ್ತೆ, ಅಮ್ಮ. ನೀರು ಬೇಕಾದ್ರೂ ಅದೇ, ನೋವಾದ್ರೂ ಅದೇ. ಅದಕ್ಕೆ ಅರ್ಥ ಕಟ್ಟಬೇಡಿ. ಅದು ಅವರ ಕೈಲಿಲ್ಲ," ಅಂದಳು.

"ನನ್ನ ಹೆಸರು ಹೇಳಿಕೊಟ್ರೆ ಕಲೀತಾರಾ, ಡಾಕ್ಟ್ರೇ?" ಅಂದಳು ಫಿಲೋ.

"ಪ್ರಯತ್ನ ಮಾಡಿ."

ಮಾಡಿದಳು. ದಿನಾ ಬೆಳಗ್ಗೆ ಹಾಸಿಗೆಯ ಪಕ್ಕ ಕೂತು ಎದೆಗೆ ಕೈಯಿಟ್ಟುಕೊಂಡು "ಫಿ, ಲೋ. ಫಿ, ಲೋ" ಅನ್ನುವಳು. ಅವನು ಅವಳ ತುಟಿಯನ್ನೇ ನೋಡುವನು, ಪಾಪ, ಬೆವರುವನು, ತುಟಿ ಹಿಂಡುವನು. ಹೊರಗೆ ಬರುವಾಗ ಅದು "ನೋರ್ಮಾ" ಎಂದೇ ಬರುತ್ತಿತ್ತು. ಒಂದು ತಿಂಗಳ ಮೇಲೆ ಅವಳು ಹೇಳಿಕೊಡುವುದನ್ನು ಬಿಟ್ಟಳು. ದಿಂಬು ಸರಿಯಿಲ್ಲದಿದ್ದರೆ ನೋರ್ಮಾ, ನೊಣ ಕೂತರೆ ನೋರ್ಮಾ, ಬಟ್ಟೆ ಒದ್ದೆಯಾದರೆ ನೋರ್ಮಾ. ದಿನಕ್ಕೆ ನೂರು ಸಲ. ಅವಳು ನೂರು ಸಲವೂ ಎದ್ದು ಹೋಗುತ್ತಿದ್ದಳು.

ನವೆಂಬರ್ ಒಂದಕ್ಕೆ ಸತ್ತವರ ಹಬ್ಬದ ತಮಾಲೆ ಹಸಿಯಾದವು.

ಬೆಂಕಿ ಸರಿಯಿತ್ತು, ನೀರಿತ್ತು, ನಾಣ್ಯ ಕಟಕಟ ಅನ್ನುತ್ತಲೇ ಇತ್ತು. ನಾಲ್ಕು ಗಂಟೆ ಬೇಯಿಸಿ ಮುಚ್ಚಳ ತೆಗೆದರೆ ಹಿಟ್ಟು ಸಿಪ್ಪೆ ಬಿಡುತ್ತಿಲ್ಲ, ಬೆರಳಿಗೆ ಅಂಟುತ್ತಿದೆ. ಅವತ್ತು ಎಡೆ ಉಣ್ಣಲು ಬರುವ ಕೇರಿಯ ಸತ್ತವರೆಲ್ಲ ಬರೀ ಬ್ರೆಡ್ಡು ತಿಂದು ಹೋದರು. ಅಡುಗೆ ಮನೆಯಲ್ಲಿ ಆರು ಜನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರ ಸಿಟ್ಟು?

ಬಾಯಿ ತೆಗೆದವಳು ನಾನೇ. "ಇನ್ಯಾರು? ಯೆಸೇನಿಯಾ."

ಯೆಸೇನಿಯಾ ಫಿಲೋಳ ಸೊಸೆ, ಆಗ ನಾಲ್ಕು ತಿಂಗಳ ಬಸುರಿ. ಮಗ ಎಫ್ರೇನ್ ಉತ್ತರದ ಕಡೆ ಲಾರಿ ಓಡಿಸುತ್ತಾನೆ, ತಿಂಗಳಿಗೊಮ್ಮೆ ಮನೆಗೆ ಬರುತ್ತಾನೆ. ಅವತ್ತು ಬೆಳಗ್ಗೆ ಆ ಹುಡುಗಿ ಫೋನಿನಲ್ಲಿ ಅವನ ಮೇಲೆ ಕಿರುಚಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೆ.

"ಅಯ್ಯೋ ದೋನ್ಯಾ ಚೋನಾ, ಅದು ತೊಟ್ಟಿಲಿನ ವಿಷಯ. ಆಗ್ಲೇ ಮುಗೀತು," ಅಂದಳು ಅವಳು.

"ಬಾಯಲ್ಲಿ ಮುಗಿದಿರುತ್ತೆ, ಹೊಟ್ಟೇಲಿ ಮುಗಿದಿರಲ್ಲ. ಬಾ, ಕುಣಿ."

"ಇಷ್ಟು ಜನರ ಮುಂದೇನಾ?"

"ಹಂಡೆ ಮುಂದೆ. ನಮ್ಮನ್ಯಾಕೆ ನೋಡ್ತೀಯಾ?"

ಅವಳು ಅತ್ತೆಯ ಕಡೆ ನೋಡಿದಳು. ಫಿಲೋ ತೆನೆಸಿಪ್ಪೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ಹುಡುಗಿ ಕುಣಿದಳು. ನಾವು ಚಪ್ಪಾಳೆ ತಟ್ಟಿದೆವು. ಮೊದಲು ನಾಚಿ ನಗುತ್ತಾ ಕುಣಿದವಳು ಕೊನೆಗೆ ಅಳುತ್ತಾ ಕುಣಿದಳು. ಇನ್ನೊಂದು ಗಂಟೆ ಬೇಯಿಸಿದೆವು. ಹಸಿ.

ಡಿಸೆಂಬರ್ ಹನ್ನೆರಡಕ್ಕೆ, ಗ್ವಾದಲೂಪೆ ತಾಯಿಯ ದಿನ, ಮತ್ತೆ ಹಸಿ. ಈ ಸಲ ಕೇರಿಯ ಯಜಮಾನ ದೋನ್ ಎಲೆಉತೇರಿಯೊ ಟೋಪಿ ಕೈಯಲ್ಲಿ ಹಿಡಿದು ಅಂಗಳಕ್ಕೇ ಬಂದ. ಮೆತ್ತಗಿನ ಮನುಷ್ಯ, ಅವನಿಗೂ ಕಷ್ಟವೇ.

"ದೋನ್ಯಾ ಫಿಲೋ, ಜನ ಮಾತಾಡ್ತಿದಾರೆ. ಕಂದೆಲಾರಿಯಾಕ್ಕೂ ಹಿಂಗೇ ಆದ್ರೆ ಹಂಡೇನ ದೋನ್ಯಾ ರೆಮೆದಿಯೋಸ್ ಮನೆಗೆ ಕೊಡಬೇಕಾಗುತ್ತೆ. ನಾನು ಏನು ಮಾಡ್ಲಿ ಹೇಳಿ."

"ಆಗಲಿ," ಅಂದಳು ಫಿಲೋ. ಓದು ಬರಹ ಇಲ್ಲ, ಹೊರಗಿನ ದುಡಿಮೆ ಇಲ್ಲ, ಗಂಡ ಇದ್ದೂ ಇಲ್ಲ. ಫಿಲೋಮೆನಾ ಯಾರು ಎಂದರೆ ಹಂಡೆಯ ಫಿಲೋಮೆನಾ ಎಂದೇ ಹೇಳಬೇಕು. ಅದೂ ಹೋದರೆ ಅವಳನ್ನು ಏನೆಂದು ಕರೆಯುವುದು?

ಅವಳಿಗೆ ಸಹಾಯ ಮಾಡುತ್ತೇನೆ ಎಂದುಕೊಂಡು ನಾನು ಮತ್ತೆ ಬಾಯಿ ತೆಗೆದೆ. "ಕಂದೆಲಾರಿಯಾ ಮುಗಿಯೋವರೆಗೆ ಈ ಹುಡುಗಿ ತಾಯಿ ಮನೇಲಿ ಇರಲಿ ಕೊಮಾದ್ರೆ. ಬಸುರಿ ಹೆಂಗಸು, ಸಿಟ್ಟಿಗೆ ಲಗಾಮಿರಲ್ಲ."

ಯೆಸೇನಿಯಾ ನನ್ನ ಮಾತಿಗೆ ಬೆಲೆ ಕೊಡಲಿಲ್ಲ. "ಅತ್ತೆ, ನೀವು ಹೇಳಿ. ನಾನು ಹೋಗಬೇಕಾ?"

ಪರದೆಯ ಹಿಂದಿನಿಂದ ದನಿ ಬಂತು. "ನೋರ್ಮಾ."

ಫಿಲೋ ಎದ್ದಳು. ಒಳಗೆ ಹೋಗುತ್ತಾ, ತಿರುಗಿ ನೋಡದೆ, "ಸ್ವಲ್ಪ ದಿನ ಮಗಳೇ," ಅಂದಳು.

ಆ ಹುಡುಗಿ ಒಂದು ಚೀಲ ತುಂಬಿಕೊಂಡು ಅವತ್ತೇ ಹೊರಟಳು. ಬಾಗಿಲಲ್ಲಿ ನನಗೆ ಹೇಳಿದಳು, "ದೋನ್ಯಾ ಚೋನಾ, ನೀವು ಗಿರಣಿಗೆ ಜೋಳ ಮಾತ್ರ ಹಾಕಲ್ಲ, ಮನುಷ್ಯರನ್ನೂ ಹಾಕ್ತೀರಿ." ಇನ್ನೊಂದು ದಿನವಾಗಿದ್ದರೆ ಎರಡರಷ್ಟು ತಿರುಗಿಸಿ ಕೊಡುತ್ತಿದ್ದೆ. ಅವತ್ತು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ಜನವರಿಯ ಒಂದು ಶನಿವಾರ ನಾವಿಬ್ಬರೇ ಪರೀಕ್ಷೆಗೆಂದು ಹಂಡೆ ಏರಿಸಿದೆವು. ಅರ್ಧ ಹಂಡೆಯಷ್ಟೇ. ಬೆಳಗಿನ ಹತ್ತು ಗಂಟೆ, ಒಳ್ಳೆಯ ಬಿಸಿಲು, ಮನೆಯಲ್ಲಿ ಯಾವ ಸದ್ದೂ ಇಲ್ಲ. ಹಿಟ್ಟಿನ ಗುಳಿಗೆ ಲೋಟದಲ್ಲಿ ತೇಲಿತು. ಮೊದಲನೆಯದನ್ನು ಇಟ್ಟವರೇ ಕೊನೆಯದನ್ನೂ ಇಡಬೇಕು ಎಂಬ ನೇಮದಂತೆ ಎಲ್ಲವನ್ನೂ ಫಿಲೋಳೇ ನಿಲ್ಲಿಸಿ ಜೋಡಿಸಿದಳು. ಹಂಡೆಯ ಕಿವಿಗೆ ಒಂದರ ಬದಲು ಮೂರು ಮೂರು ಗಂಟು ಹಾಕಿದಳು. ನಾನು ಒಲೆಗೆ ಒಣಮೆಣಸಿನಕಾಯಿ ಎಸೆದೆ, ದೃಷ್ಟಿಯಿದ್ದರೆ ಹೋಗಲಿ ಎಂದು. ಮೊಣಕಾಲು ನೋವಿನಲ್ಲೂ ಮುಂಗಡವಾಗಿ ನಾಲ್ಕು ಸುತ್ತು ಕುಣಿದೆ. ಫಿಲೋ ನಕ್ಕಳು. ಬಹಳ ದಿನದ ಮೇಲೆ ಅವಳ ನಗು ನೋಡಿ ನನಗೆ ಜೀವ ಬಂದ ಹಾಗಾಯಿತು.

ಎರಡು ಗಂಟೆಗೆ ಮುಚ್ಚಳ ತೆಗೆದೆವು. ಹಸಿ.

"ಯಾರದು ಕೊಮಾದ್ರೆ?" ಅಂದೆ ನಾನು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. "ಹುಡುಗಿ ಇಲ್ಲ. ನನಗೆ ಇವತ್ತು ಯಾರ ಮೇಲೂ ಸಿಟ್ಟಿಲ್ಲ, ನನ್ನ ಗಂಡನ ಮೇಲೂ ಇಲ್ಲ, ತಾಯಾಣೆ."

"ನೋರ್ಮಾ," ಅಂದ ತಿಬುರ್ಸಿಯೊ, ಪರದೆಯಾಚೆ.

ನಾನು ಅವಳ ಕೈ ನೋಡಿದೆ. ಹಿಡಿಯಲ್ಲಿದ್ದ ತೆನೆಸಿಪ್ಪೆ ನಾರುನಾರಾಗಿ ಹರಿದುಹೋಗಿತ್ತು. ನೆಲದ ಮೇಲೂ ಅಂಥವೇ ಹತ್ತಾರು ಬಿದ್ದಿದ್ದವು, ಅಷ್ಟು ಹೊತ್ತಿನಿಂದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಆ ಬರೆ ಹಾಕಿದವಳು ನಾನು.

"ಕೊಮಾದ್ರೆ," ಅಂದೆ ಮೆಲ್ಲಗೆ. "ನಿಮ್ಮದಾ?"

"ನನಗ್ಯಾಕೆ ಸಿಟ್ಟು? ಕಾಯಿಲೆ ಮನುಷ್ಯ. ಅವರ ಕೈಲಿಲ್ಲ ಅಂತ ಡಾಕ್ಟ್ರು ಹೇಳಿಲ್ವಾ? ಪಾದ್ರಿಗಳೂ ಹೇಳಿದ್ರು, ಅದು ನಿನ್ನ ಶಿಲುಬೆ ಫಿಲೋ, ಹೊರು ಅಂತ. ಎಲ್ಲರೂ ಸರಿಯಾಗೇ ಹೇಳ್ತಾರೆ." ಅವಳು ಒಲೆಯ ಮುಂದೆ ಕುಕ್ಕರಿಸಿದಳು. ಆಮೇಲೆ ಬೇರೆಯೇ ದನಿಯಲ್ಲಿ ಅಂದಳು, "ನವೆಂಬರಲ್ಲೇ ನನಗೆ ಗೊತ್ತಿತ್ತು. ನನ್ನದೇ ಅಂತ. ಆ ಮಗು ಕುಣೀತಿದ್ದಾಗ ನನಗೆ ಗೊತ್ತಿತ್ತು."

"ಮತ್ತೆ ಯಾಕೆ ಸುಮ್ನಿದ್ರಿ?"

"ಸಿಟ್ಟಿಲ್ಲದ ಫಿಲೋ ಅಂತ ಹೆಸರಿಟ್ಟವರು ನೀವೇ ಅಲ್ವಾ? ಅದನ್ನ ಬಿಟ್ರೆ ನನ್ನ ಹತ್ರ ಇನ್ನೇನಿತ್ತು?"

ನಾನು ನೆಲದ ಮೇಲಿನ ಸಿಪ್ಪೆ ಆರಿಸತೊಡಗಿದೆ.

"ಇಷ್ಟು ವರ್ಷ ಬೇಯ್ತಿತ್ತಲ್ಲ ಕೊಮಾದ್ರೆ. ಅವರು ಅವಳ ಮನೆಗೆ ಹೋಗಿ ಬರ್ತಿದ್ದಾಗಲೂ ಬೇಯ್ತಿತ್ತಲ್ಲ," ಅಂದೆ.

"ಆಗ ನನಗೆ ಒಂದು ಧೈರ್ಯ ಇತ್ತು. ಇವರಿಗೆ ವಯಸ್ಸಾಗಲಿ, ಬಸ್ಸು ಬಿಡಲಿ, ಮನೇಲಿ ಕೂರಲಿ. ಆಗ ಒಂದು ದಿನ ಕಾಫಿ ಕೊಟ್ಟು ಎದುರಿಗೆ ಕೂತು ಕೇಳ್ತೀನಿ ಅಂತ. ಯಾಕೆ ಅಂತ. ನನ್ನಲ್ಲಿ ಏನು ಕಡಿಮೆ ಇತ್ತು ಅಂತ. ಬೈಯೋಕಲ್ಲ, ಬರೀ ಕೇಳೋಕೆ. ಆ ದಿನಕ್ಕೆ ಅಂತ ಎತ್ತಿಟ್ಟಿದ್ದೆ, ಅದಕ್ಕೇ ತಣ್ಣಗಿದ್ದೆ. ಹೋದ ಜುಲೈಲಿ ಬಸ್ಸು ಬಿಟ್ರು. ಇವತ್ತು ಕೇಳ್ತೀನಿ, ನಾಳೆ ಕೇಳ್ತೀನಿ ಅಂತಿದ್ದೆ. ಆಗಸ್ಟಲ್ಲಿ ಬಿದ್ರು."

ಹಂಡೆಯೊಳಗೆ ನಾಣ್ಯ ಕಟಕಟ ಅನ್ನುತ್ತಲೇ ಇತ್ತು. ನಾನು ಬೆಂಕಿ ತಗ್ಗಿಸಿದೆ. ನನ್ನಂಥವಳಿಗೆ ಎಲ್ಲ ಕಾಯಿಲೆಗೂ ಒಂದೇ ಔಷಧಿ ಗೊತ್ತು, ಅದನ್ನೇ ಹೇಳಿದೆ. "ಹೋಗಿ ಈಗ ಕೇಳಿ. ಉತ್ತರ ಬರದಿದ್ರೆ ಬರದೆ ಹೋಗಲಿ. ಹೊಟ್ಟೇಲಿದ್ದದ್ದು ಆಚೆ ಬರಲಿ."

ಅವಳು ಎದ್ದಳು. ಆಮೇಲೆ ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿಗೆ ಕೈ ಒರೆಸಿಕೊಂಡು, ತಲೆಗೂದಲು ಸರಿಮಾಡಿಕೊಂಡು, ಮದುವೆ ಮಾತಿಗೆ ಹೋಗುವವಳ ಹಾಗೆ ಪರದೆ ಸರಿಸಿ ಒಳಗೆ ಹೋದಳು. ನಾನು ಒಲೆಯ ಹತ್ತಿರವೇ ನಿಂತೆ. ಕೇಳಿಸಿಕೊಳ್ಳಬಾರದು ಅಂತ ಅಂದುಕೊಂಡೆ, ಕೇಳಿಸಿಕೊಂಡೆ.

ಅವಳು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಗಿರಣಿಯಲ್ಲಿ ಹಿಟ್ಟಿನ ಲೆಕ್ಕ ಕೇಳುವಷ್ಟೇ ಮೆತ್ತಗೆ ಕೇಳಿದಳು. ನನ್ನನ್ನು ಯಾಕೆ ಕಟ್ಟಿಕೊಂಡಿರಿ? ಎಫ್ರೇನ್ ಹುಟ್ಟಿದ ರಾತ್ರಿ ಎಲ್ಲಿದ್ರಿ? ನಿಮ್ಮ ತಾಯಿ ಸಾಯುವಾಗ ನಿಮ್ಮ ಹೆಸರು ಹಿಡಿದು ಕರೆದ್ರು, ನಾನು ನಿಮ್ಮ ಅಂಗಿ ಹಾಕಿಕೊಂಡು ಕತ್ತಲಲ್ಲಿ ಅವರ ಕೈ ಹಿಡಿದು ಕೂತಿದ್ದೆ, ನಿಮಗದು ಗೊತ್ತಾ? ಅವಳು ಹೊರಟುಹೋದ ಮೇಲೆ ನೀವು ಆರು ತಿಂಗಳು ಊಟ ಸರಿಯಾಗಿ ಮಾಡಲಿಲ್ಲ, ನಾನೇ ತಿನ್ನಿಸಿದೆ, ಅದಾದರೂ ನೆನಪಿದೆಯಾ?

ಆಮೇಲೆ ಅವನ ದನಿ, ಒಡೆದ ದನಿ. "ನೋರ್ಮಾ. ನೋರ್ಮಾ, ನೋರ್ಮಾ. ನೋರ್ಮಾ." ಅಳುತ್ತಿದ್ದ. ಗಂಡಸು ಹಾಗೆ ಅತ್ತದ್ದನ್ನು ನಾನು ಕೇಳಿರಲಿಲ್ಲ.

ಫಿಲೋ ಹೊರಗೆ ಬಂದು ಲೋಟ ತೆಗೆದುಕೊಂಡು ಹೂಜಿಯಿಂದ ನೀರು ಬಗ್ಗಿಸಿದಳು. "ಅವರು ಕ್ಷಮಿಸು ಅಂದ್ರೋ, ಅವಳನ್ನ ಕರೆದ್ರೋ, ನೀರು ಕೇಳಿದ್ರೋ, ನನಗೆ ಗೊತ್ತಾಗಲಿಲ್ಲ ಕೊಮಾದ್ರೆ," ಅಂದಳು. ನೀರು ಕುಡಿಸಿ ಬಂದಳು.

"ಸಿಟ್ಟು ಹೋಯ್ತಾ?" ಅಂತ ಕೇಳಿದೆ ನಾನು, ದಡ್ಡಿಯ ಹಾಗೆ.

"ಎಲ್ಲಿಗೆ ಹೋಗಬೇಕು ಅದು?"

ಮಾರನೆಯ ದಿನ ಚರ್ಚಿನ ಪೂಜೆ ಮುಗಿದ ಮೇಲೆ ಇಬ್ಬರೂ ಯೆಸೇನಿಯಾಳ ತಾಯಿಯ ಮನೆಗೆ ಹೋದೆವು. ಒಳಗೆ ಕರೆಯಲಿಲ್ಲ. ಅಂಗಳದಲ್ಲಿ ಕೋಳಿಗಳ ನಡುವೆ ನಿಂತೇ ಫಿಲೋ ಹೇಳಿದಳು. "ಸಿಟ್ಟು ನನ್ನದು ಮಗಳೇ. ಗೊತ್ತಿದ್ದೂ ನಿನ್ನನ್ನ ಕಳಿಸಿದೆ."

ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೋಡಿದಳು. ಅವಳ ಮುಖದಲ್ಲಿ ಈಗ ನಿಜವಾಗಿ ಸಿಟ್ಟು ಇತ್ತು, ಮುಚ್ಚಿಡಲಿಲ್ಲ. "ಬಸುರಿ ಹೆಂಗಸನ್ನ ಕುಣಿಸಿದ್ರಿ. ಎಫ್ರೇನ್ ಹತ್ರ ಏನು ಹೇಳಲಿ ಅಂತ ದಿನಾ ಅತ್ತಿದೀನಿ. ನನಗೆ ನಿಮ್ಮ ಮೇಲೆ ಎಷ್ಟು ಕೋಪ ಇದೆ ಗೊತ್ತಾ ಅತ್ತೆ?"

"ಹೇಳು. ಬೈಯಿ."

ಬೈದಳು. ಕಾಲು ಗಂಟೆ ಬೈದಳು, ಅದರಲ್ಲಿ ನನ್ನ ಪಾಲೂ ದಂಡಿಯಾಗಿತ್ತು. ನಾನು ಬಗ್ಗಿ ನಿಂತು ತೆಗೆದುಕೊಂಡೆ. ಬೈದು ಬೈದು ಸುಸ್ತಾಗಿ ಕೊನೆಗೆ ಮೆಟ್ಟಿಲ ಮೇಲೆ ಕೂತು, "ತಿಂದಿದೀರಾ ಇಬ್ರೂ?" ಅಂದಳು. ಆಗ ಫಿಲೋ ಅವಳನ್ನು ನೋಡಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಸೂಯೆಯಿಂದ ನೋಡಿದಳು. ಎದುರಿಗೆ ಒಬ್ಬರನ್ನು ನಿಲ್ಲಿಸಿ ಬೈದು ಮುಗಿಸುವ ಭಾಗ್ಯ ಆ ಹುಡುಗಿಗಿತ್ತು.

ಕಂದೆಲಾರಿಯಾದ ದಿನ ಅಂಗಳದಲ್ಲಿ ಕೇರಿಯೆಲ್ಲ ಇತ್ತು. ಹೆಂಗಸರು ಹೊಸ ಬಟ್ಟೆ ತೊಡಿಸಿದ ಬಾಲಯೇಸುವಿನ ಗೊಂಬೆಗಳನ್ನು ಮಡಿಲಲ್ಲಿ ಹಿಡಿದು ಕೂತಿದ್ದರು. ದೋನ್ ಎಲೆಉತೇರಿಯೊ ಬಾಗಿಲಲ್ಲಿ ನಿಂತಿದ್ದ. ರೆಮೆದಿಯೋಸ್ ಹಂಡೆ ಒಯ್ಯಲು ಸಿದ್ಧವಾಗಿಯೇ ಬಂದಿದ್ದಳು, ಅಂಗಳದ ಹೊರಗೆ ಅವಳ ಅಳಿಯನ ಕೈಗಾಡಿ ನಿಂತಿತ್ತು. ಎಲ್ಲರ ಮುಂದೆ ಫಿಲೋ ಹೇಳಿದಳು, "ಇವತ್ತು ಮೊದಲನೇದನ್ನ ಯೆಸೇನಿಯಾ ಇಡ್ತಾಳೆ. ಹಂಡೆ ಒಲೆ ಮೇಲಿರೋವರೆಗೆ ನಾನು ಅಡುಗೆ ಮನೇಲಿ ಇರಲ್ಲ."

ಯಾಕೆಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯ ನಮ್ಮಲ್ಲಿ ಯಾರಿಗೂ ಇರುವುದಿಲ್ಲ. ಅವಳು ಏಪ್ರನ್ ಬಿಚ್ಚಿ ಸೊಸೆಯ ಹೊಟ್ಟೆಯ ಸುತ್ತ ತಾನೇ ಕಟ್ಟಿದಳು, ದಾರ ಸಾಲದೆ ಬೆನ್ನಿನ ಹಿಂದೆ ಒಂದೇ ಗಂಟು ಬಿತ್ತು. ಆಮೇಲೆ ಪರದೆಯ ಹಿಂದೆ ಹೋಗಿ ಗಂಡನ ಹಾಸಿಗೆಯ ಪಕ್ಕ ಕೂತಳು.

ಹಿಟ್ಟು ಬಡಿದವಳು ನಾನು, ನನ್ನ ಕೈಗೆ ಫಿಲೋಳ ಹದ ಇಲ್ಲ. ಸಿಪ್ಪೆ ಮಡಚಿದ್ದೂ ವಕ್ರವಕ್ರ. ಯೆಸೇನಿಯಾ ಹಂಡೆಯ ಕಿವಿಗೆ ಗಂಟು ಹಾಕುವುದನ್ನೇ ಮರೆತಿದ್ದಳು, ಬೆಂಕಿ ಹಾಕಿದ ಮೇಲೆ ಓಡಿಹೋಗಿ ಬೆರಳು ಸುಟ್ಟುಕೊಂಡು ಕಟ್ಟಿದಳು. ಇಷ್ಟೆಲ್ಲ ತಪ್ಪಿನ ಮೇಲೂ, ಎರಡೂವರೆ ಗಂಟೆಗೆ ಮುಚ್ಚಳ ತೆಗೆದು ಒಂದನ್ನು ಬಿಡಿಸಿದಾಗ, ಸಿಪ್ಪೆ ತಾನಾಗಿ ಕಳಚಿಕೊಂಡಿತು. ಒಳಗೆ ಮೋಡದಂಥ ತಮಾಲೆ. ಅಂಗಳದಲ್ಲಿ ಕೂಗು ಎದ್ದಿತು, ಚಪ್ಪಾಳೆ, ಸಿಳ್ಳೆ. ದೋನ್ ಎಲೆಉತೇರಿಯೊ ಟೋಪಿ ಎಸೆದು ಹಿಡಿದ. ರೆಮೆದಿಯೋಸಳ ಅಳಿಯ ಖಾಲಿ ಕೈಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬೀದಿ ಸುತ್ತಿಸಿದ. ಹಂಡೆ ಆ ಮನೆಯಲ್ಲೇ ಉಳಿಯಿತು.

ಆ ಕೂಗಿನ ಅರ್ಥ ನನಗೆ ಹೊಳೆದದ್ದು ತಟ್ಟೆಯಲ್ಲಿ ಎರಡು ತಮಾಲೆ ಹಾಕಿಕೊಂಡು ಪರದೆ ಸರಿಸುವಾಗ. ಅಡುಗೆ ಮನೆಯಿಂದ ಅವಳು ಹೊರಗಿದ್ದಳು, ಹಂಡೆ ಬೇಯಿಸಿತು. ಸಿಟ್ಟು ಅವಳದೇ ಎಂಬುದಕ್ಕೆ ಕೇರಿಯ ಇನ್ನೂರು ಬಾಯಿಗೂ ಒಂದೊಂದು ಸಾಕ್ಷಿ ಬಿಸಿಬಿಸಿಯಾಗಿ ಹೋಗಿ ಸೇರುತ್ತಿತ್ತು.

ಫಿಲೋ ತಟ್ಟೆ ತೆಗೆದುಕೊಂಡಳು. ಒಂದನ್ನು ಬಿಡಿಸಿ, ಬೆರಳಿನಿಂದ ಒತ್ತಿ ನೋಡಿ, ಜೋಳದ ಗಂಜಿಯಲ್ಲಿ ಕಿವುಚಿ ಗಂಡನ ಬಾಯಿಗೆ ಹದ ಮಾಡತೊಡಗಿದಳು. ಅವನು ಬಾಯಿ ತೆರೆದು ಕಾಯುತ್ತಿದ್ದ.

"ಎಲ್ಲಾನೂ ಬೆಂದಿದ್ವಾ ಕೊಮಾದ್ರೆ?"

"ಹ್ಞೂಂ."

"ತಳದಲ್ಲಿದ್ದವೂ? ಅಂಚಿನವೂ? ಒಂದಾದ್ರೂ ಹಸಿ ಉಳಿದಿರಬೇಕಲ್ಲ. ಯಾವಾಗಲೂ ಒಂದೋ ಎರಡೋ ಉಳಿಯುತ್ತೆ."

ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಒಂದು ಉಳಿದಿದೆ ಎಂದಿದ್ದರೆ ಸಾಕಿತ್ತು, ತಪ್ಪು ತನ್ನೊಬ್ಬಳ ಸಿಟ್ಟಿನದಲ್ಲ ಎಂದುಕೊಳ್ಳಲು. ಒಂದು ಹಸಿ ತಮಾಲೆಯ ಆಸರೆಯಲ್ಲಿ ಅವಳು ಉಳಿದ ವರ್ಷಗಳನ್ನು ಹೇಗೋ ಕಳೆಯುತ್ತಿದ್ದಳು. ನನ್ನ ಬಾಯಿಗೆ ಸುಳ್ಳಿನ ಅಭ್ಯಾಸ ಇಲ್ಲ.

"ಎಲ್ಲಾ ಬೆಂದಿದ್ವು," ಅಂದೆ.

ಅವಳು ತಲೆಯಾಡಿಸಿ, ಚಮಚ ತುಂಬಿ, ಊದಿ ಆರಿಸಿದಳು.